ಹುಲಿ ಉಗುರು: ಅಜ್ಜನ ಕಾಲದ್ದು ಅಂದರೆ ಸಾಕೇ?

2023ರ ಅಕ್ಟೋಬರ್‌ನಲ್ಲಿ ಕನ್ನಡ ಬಿಗ್ ಬಾಸ್ ಸ್ಪರ್ಧಿಯೊಬ್ಬರನ್ನು ಅರಣ್ಯ ಇಲಾಖೆ ಬಂಧಿಸಿತು. ಅವರ ಕತ್ತಿನಲ್ಲಿ ಹುಲಿ ಉಗುರಿನ ಲಾಕೆಟ್ ಇತ್ತು. ಆಮೇಲೆ ಶುರುವಾಯಿತು ನೋಡಿ. ನಟರು, ರಾಜಕಾರಣಿಗಳ ಹಳೆ ಫೋಟೊಗಳನ್ನು ಜನ ಹುಡುಕಿ ಹುಡುಕಿ ದೂರು ಕೊಟ್ಟರು. ಅಧಿಕಾರಿಗಳು ಮನೆ ಬಾಗಿಲು ತಟ್ಟಿದರು. ಪ್ಲಾಸ್ಟಿಕ್‌ದು ಅಂದವರಿದ್ದರು, ತಲೆಮಾರಿನಿಂದ ಬಂದದ್ದು ಅಂದವರೂ ಇದ್ದರು.

ಈ ಎರಡನೇ ಮಾತನ್ನು ಸುಮ್ನೆ ತಳ್ಳಿಹಾಕೋಕಾಗಲ್ಲ. ದೃಷ್ಟಿ ತಾಗದಿರಲಿ ಅಂತ ಮಕ್ಕಳ ಕೊರಳಿಗೆ ಚಿನ್ನದಲ್ಲಿ ಕಟ್ಟಿಸಿದ ಹುಲಿ ಉಗುರು ಹಾಕುವುದು ನಮ್ಮಲ್ಲಿ ಹಳೆಯ ರೂಢಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ ಇದು ಗೊತ್ತಿತ್ತು. ಇದ್ದದ್ದನ್ನು ಘೋಷಿಸಿ, ಮಾಲೀಕತ್ವದ ಪ್ರಮಾಣಪತ್ರ ಪಡೆಯಿರಿ ಎಂದಿತು. ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 2003ರಲ್ಲಿ ಕೇಂದ್ರ ಸರ್ಕಾರ ಘೋಷಣೆಗೆ ಮತ್ತೆ 180 ದಿನ ಕೊಟ್ಟಿತು. ಆಗಲೂ ಎಷ್ಟೋ ಉಗುರುಗಳು ಬೀರುವಿನಲ್ಲೇ ಉಳಿದವು.

ಅದೇ ಹೊತ್ತಿಗೆ ಕಾನೂನು ಬಿಗಿಯಾಗಿತ್ತು. ಪ್ರಮಾಣಪತ್ರ ಇದ್ದರೂ ಮಾರುವ ಹಾಗಿಲ್ಲ. ವಾರಸುದಾರರಿಗೆ ಬಂದರೆ 90 ದಿನದೊಳಗೆ ತಿಳಿಸಬೇಕು. ಹುಲಿಯಂಥ ಪ್ರಾಣಿಯ ವಿಷಯದಲ್ಲಿ ತಪ್ಪಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ವಸ್ತು ನಿಮ್ಮ ಹತ್ತಿರ ಸಿಕ್ಕಿದರೆ ಅದು ಕಾನೂನುಬದ್ಧ ಅಂತ ಸಾಬೀತು ಮಾಡುವ ಹೊಣೆಯೂ ನಿಮ್ಮದೇ. ಅಜ್ಜನ ಹೆಸರು ಹೇಳಿದರೆ ಸಾಲದು, ಕಾಗದ ಬೇಕು.

ಹಾಗಾಗಿ ಹಾಕಿಕೊಂಡವರನ್ನು ಹಿಡಿಯುವುದು ಸುಲಭ. ಮಾರಿದವರ ಕತೆಯೇ ಬೇರೆ. ಸಂಸಾರ್ ಚಂದ್ ಎಂಬ ಕಾಡುಪ್ರಾಣಿ ದಂಧೆಕೋರ ದೆಹಲಿಯಲ್ಲಿ ರಾಶಿ ಪ್ರಾಣಿ ಚರ್ಮಗಳೊಂದಿಗೆ ಮೊದಲು ಸಿಕ್ಕಿಬಿದ್ದದ್ದು 1974ರಲ್ಲಿ, ಇನ್ನೂ ಹದಿಹರೆಯದಲ್ಲಿ. ಅದೇ ಮನುಷ್ಯನನ್ನು ಪೊಲೀಸರು 2005ರಲ್ಲಿ ಮತ್ತೆ ಹಿಡಿಯಬೇಕಾಯಿತು. ಮಧ್ಯೆ ಮೂವತ್ತು ವರ್ಷ! ಅದೇ 2005ರಲ್ಲಿ ರಾಜಸ್ಥಾನದ ಸರಿಸ್ಕಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಒಂದೂ ಹುಲಿ ಉಳಿದಿಲ್ಲ ಎಂಬುದು ಖಚಿತವಾಯಿತು. ದೇಶ ಬೆಚ್ಚಿಬಿದ್ದ ಮೇಲೆ, 2007ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಬಂತು. ಬೇಟೆಯಾಡುವವನು ಒಂದು ರಾಜ್ಯದಲ್ಲಿ, ಕೊಳ್ಳುವವನು ಇನ್ನೊಂದು ದೇಶದಲ್ಲಿ ಇರುವಾಗ ಒಂದು ವಲಯದ ಅರಣ್ಯಾಧಿಕಾರಿ ಒಬ್ಬರೇ ಏನು ಮಾಡಿಯಾರು, ಅಲ್ವಾ?

ಬಿಗ್ ಬಾಸ್ ಗಲಾಟೆಯ ನಂತರ, 2024ರ ಜನವರಿಯಲ್ಲಿ, ಇಂಥ ವಸ್ತು ಇರುವವರು ಹಿಂತಿರುಗಿಸಲು ಕರ್ನಾಟಕ ಸರ್ಕಾರವೂ ಒಂದು ಅವಕಾಶ ಘೋಷಿಸಿತು. ನನಗಂತೂ ಇದು 2003ರ ಮರುಪ್ರಸಾರದಂತೆ ಕಂಡಿತು. ಬೀರು ಖಾಲಿಯಾದರೆ ಒಳ್ಳೆಯದೇ, ಆದರೆ ಅದರಿಂದ ದಂಧೆಗೆ ಜಾಸ್ತಿ ಪೆಟ್ಟು ಬೀಳುವುದಿಲ್ಲ. ಹುಲಿ ಚರ್ಮ ಸಿಕ್ಕರೆ ಅದರ ಪಟ್ಟೆಗಳನ್ನು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದರೆ ತಾನಾಗಿಯೇ ಫೋಟೊ ತೆಗೆಯುವ, ಕಾಡಿನಲ್ಲಿಟ್ಟ ಕ್ಯಾಮೆರಾ) ಚಿತ್ರಗಳೊಂದಿಗೆ ಹೋಲಿಸಿ ಯಾವ ಕಾಡಿನದು ಅಂತ ಹುಡುಕಬಹುದು. ಉಗುರಿಗೆ ಪಟ್ಟೆ ಇಲ್ಲ. ಅದು ಹುಲಿಯದೇ ಹೌದೋ ಅಂತ ಡಿಎನ್‌ಎ ಪರೀಕ್ಷೆ ಹೇಳುತ್ತದೆ. ಯಾರು ಮಾರಿದರು ಎಂಬುದನ್ನು ಫೋನ್ ಕರೆ, ಹಣದ ಜಾಡು ಹಿಡಿದು ತನಿಖಾಧಿಕಾರಿಯೇ ಹುಡುಕಬೇಕು.