ನಾಕಾಬಂದೀಲಿ "ಫೋನ್ ಅನ್‌ಲಾಕ್ ಮಾಡು" ಅಂದ್ರೆ ಮಾಡ್ಲೇಬೇಕಾ?

ಓದುಗರ ಪ್ರಶ್ನೆ: "ರಾತ್ರಿ ಹನ್ನೊಂದೂವರೆಗೆ ಶಿಫ್ಟ್ ಮುಗ್ಸಿ ಬೈಕಲ್ಲಿ ಬರ್ತಿದ್ದೆ, ಬ್ಯಾರಿಕೇಡ್ ಹತ್ರ ನಿಲ್ಸಿದ್ರು. ಡಿಎಲ್ ತೋರ್ಸ್ದೆ, ಸರಿ ಇತ್ತು. ಆಮೇಲೆ ಫೋನ್ ತೆಗಿ, ವಾಟ್ಸಾಪ್ ತೋರ್ಸು, ಗಾಂಜಾ ಗೀಂಜಾ ಇದ್ಯಾ ಅಂದ್ರು. ಹೆದ್ರಿ ಕೊಟ್ಬಿಟ್ಟೆ. ಕೊಡ್ಬೇಕಿತ್ತಾ ಸರ್?"

ಕೊಡ್ಬೇಕಿರ್ಲಿಲ್ಲ. ಆದ್ರೆ ಹೆದ್ರಿ ಕೊಟ್ಟಿದ್ದಕ್ಕೆ ನಿಮ್ಮನ್ನ ಯಾರೂ ತಪ್ಪು ಅನ್ನೋಕಾಗಲ್ಲ, ಆ ಹೊತ್ತಲ್ಲಿ ಟಾರ್ಚ್ ಲೈಟು ಮುಖಕ್ಕೆ ಬಿಟ್ಟು ಇಬ್ರು ಮೂವರು ಸುತ್ತ ನಿಂತ್ರೆ ಯಾರಾದ್ರೂ ಕೊಟ್ಬಿಡ್ತಾರೆ.

ಮೊದ್ಲು ಡಿಎಲ್ ವಿಷ್ಯ. ಯೂನಿಫಾರ್ಮಲ್ಲಿರೋ ಪೊಲೀಸ್ರು ಕೇಳಿದ್ರೆ ಡಿಎಲ್ ತೋರ್ಸ್ಲೇಬೇಕು, ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಅದನ್ನ ನೇರವಾಗಿ ಹೇಳುತ್ತೆ. ಡಿಜಿಲಾಕರಲ್ಲಿ ತೋರ್ಸಿದ್ರೂ ನಡಿಯುತ್ತೆ, ಫೋನ್ ಮಾತ್ರ ನಿಮ್ ಕೈಯಲ್ಲೇ ಇರ್ಲಿ. ಆದ್ರೆ ದಾರೀಲಿ ಹೋಗ್ತಿರೋನನ್ನ ನಿಲ್ಸಿ ಅವನ ಚಾಟ್ ಓದ್ಬೋದು ಅನ್ನೋ ಸೆಕ್ಷನ್ ಅದ್ರಲ್ಲಿಲ್ಲ. ತನಿಖೆ, ಅರೆಸ್ಟು, ಸರ್ಚು ಹೇಗೆ ನಡೀಬೇಕು ಅಂತ ಹೇಳೋ ಹೊಸ ಕಾನೂನು ಬಿಎನ್ಎಸ್ಎಸ್, ಅಂದ್ರೆ 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದಿದ್ದು, ಅದ್ರಲ್ಲೂ ಇಲ್ಲ. ವಾರೆಂಟ್ ಇಲ್ದೆ ಹುಡುಕೋಕೆ ಅದರ 185ನೇ ಸೆಕ್ಷನ್ ಅವಕಾಶ ಕೊಡುತ್ತೆ ನಿಜ, ಆದ್ರೆ ತನಿಖೆ ಮಾಡ್ಬೇಕಾದ ಒಂದು ಅಪರಾಧ ಇರ್ಬೇಕು, ಇಂಥ ವಸ್ತು ಇಲ್ಲಿ ಸಿಗುತ್ತೆ ಅಂತ ನಂಬೋಕೆ ಕಾರಣ ಇರ್ಬೇಕು, ವಾರೆಂಟ್ ತರೋಷ್ಟು ಟೈಮ್ ಇರಬಾರ್ದು, ಆ ಕಾರಣನ ಬರೆದಿಡ್ಬೇಕು. ಜೊತೆಗೆ ಸರ್ಚ್ ಮಾಡೋದನ್ನ ವಿಡಿಯೋ ಮಾಡ್ಬೇಕು ಅಂತ 105ನೇ ಸೆಕ್ಷನ್ ಹೇಳುತ್ತೆ. ಬ್ಯಾರಿಕೇಡ್ ಪಕ್ಕ ನಿಂತು ನಿಮ್ ಗ್ಯಾಲರಿನ ಹೆಬ್ಬೆಟ್ಟಲ್ಲಿ ಮೇಲೆ ಕೆಳಗೆ ಎಳಿತಾ ಹೋದ್ರಲ್ಲಾ, ಅಮ್ಮನ ಸ್ಕ್ಯಾನಿಂಗ್ ರಿಪೋರ್ಟು, ತಂಗಿ ಮದ್ವೆ ಫೋಟೋ, ಬ್ಯಾಂಕ್ ಮೆಸೇಜು ಎಲ್ಲಾ ದಾಟ್ಕೊಂಡು, ಅದ್ರಲ್ಲಿ ಇವ್ಯಾವ್ದೂ ಇರ್ಲಿಲ್ಲ.

ಇದ್ರ ಬೇರು ಸಂವಿಧಾನದ 21ನೇ ವಿಧಿಯಲ್ಲಿದೆ, ಅಂದ್ರೆ ಜೀವ ಮತ್ತೆ ಸ್ವಾತಂತ್ರ್ಯದ ಹಕ್ಕಲ್ಲಿ. ಒಂದು ಕಾಲದಲ್ಲಿ ಈ ಬೇರೇ ಗಟ್ಟಿ ಇರ್ಲಿಲ್ಲ. 1954ರಲ್ಲಿ ಎಂಪಿ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟಿನ 8 ಜಡ್ಜ್‌ಗಳ ಪೀಠ, ಅಮೆರಿಕದವರ ಸಂವಿಧಾನದಲ್ಲಿ ಸರ್ಚ್ ವಿರುದ್ಧ ಖಾಸಗಿತನದ ರಕ್ಷಣೆ ಇರೋ ಹಾಗೆ ನಮ್ದ್ರಲ್ಲಿಲ್ಲ ಅಂದುಬಿಟ್ಟಿತ್ತು. ಅದನ್ನ ಬದಲಾಯ್ಸೋಕೆ 2017ರ ಆಗಸ್ಟ್ 24 ಬರ್ಬೇಕಾಯ್ತು, 9 ಜಡ್ಜ್‌ಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದ್ರು. ಆ ಕೇಸ್ ಹಾಕಿದ್ದು ನಮ್ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು, 80 ದಾಟಿದ ವಯಸ್ಸಲ್ಲಿ. ಇವತ್ತು ದೇಶದ ಯಾವ ಮೂಲೇಲಿ ಖಾಸಗಿತನದ ವಾದ ಆದ್ರೂ ಅವರ ಹೆಸ್ರು ಬರುತ್ತೆ, ನನಗೆ ಅದು ನಿಜಕ್ಕೂ ಹೆಮ್ಮೆ.

ಫೋನ್ ವಿಷ್ಯಕ್ಕೆ ಇನ್ನೂ ಹತ್ರದ್ದು 2021ರ ನಮ್ಮ ಹೈಕೋರ್ಟ್ ತೀರ್ಪು, ಬೆಂಗಳೂರಿನ ಡ್ರಗ್ಸ್ ಕೇಸ್ ಒಂದ್ರಲ್ಲಿ. ಫೋನ್ ನೋಡೋದು ಅಂದ್ರೆ ಮನೆ ಸರ್ಚ್ ಮಾಡಿದ ಹಾಗೇ, ಸಾಮಾನ್ಯವಾಗಿ ಕೋರ್ಟಿಂದ ಸರ್ಚ್ ವಾರೆಂಟ್ ಬೇಕು, ತೀರಾ ತುರ್ತು ಇದ್ರೆ ಮಾತ್ರ ಕಾರಣ ಬರೆದಿಟ್ಟು ವಾರೆಂಟ್ ಇಲ್ದೆ ನೋಡ್ಬೋದು ಅಂತು. ಆದ್ರೆ ಅದೇ ತೀರ್ಪು ಪಾಸ್‌ವರ್ಡ್ ಕೊಡೋದು ನಮ್ ವಿರುದ್ಧ ನಾವೇ ಸಾಕ್ಷಿ ಹೇಳಿದ ಹಾಗಲ್ಲ ಅಂತಲೂ ಹೇಳಿದೆ. ಅಂದ್ರೆ ಕೋರ್ಟಿಂದ ಆರ್ಡರ್ ಬಂದ್ಮೇಲೆ ನಮ್ ವಿರುದ್ಧ ನಾವೇ ಸಾಕ್ಷಿ ಹೇಳ್ಬೇಕಿಲ್ಲ ಅನ್ನೋ ಸಂವಿಧಾನದ 20(3)ನೇ ವಿಧಿ ಇದೆ ಕೊಡಲ್ಲ ಅಂತ ನಿಂತ್ರೆ ಇಲ್ಲಿ ಕಷ್ಟ.

ಈಗ ನಿಮ್ ಕೇಸಲ್ಲಿ ಮುಖ್ಯವಾದ ಮಾತು. ಪೊಲೀಸ್ರು "ತೋರ್ಸು" ಅಂದಾಗ ನಾವೇ ಬೆರಳಿಟ್ಟು ಅನ್‌ಲಾಕ್ ಮಾಡಿದ್ರೆ ನಾಳೆ ಕೋರ್ಟಲ್ಲಿ ಅದು "ಅವರೇ ಒಪ್ಪಿ ತೋರ್ಸಿದ್ರು" ಅಂತ ಆಗುತ್ತೆ. ಮತ್ತೆ ನಮ್ ದೇಶದಲ್ಲಿ ಸರ್ಚ್ ತಪ್ಪಾಗಿ ನಡೀತು ಅನ್ನೋ ಒಂದೇ ಕಾರಣಕ್ಕೆ ಸಿಕ್ಕಿದ ಸಾಕ್ಷ್ಯ ಸಾಮಾನ್ಯವಾಗಿ ಬಿದ್ದೋಗಲ್ಲ, 1970ರ ದಶಕದ ಸುಪ್ರೀಂ ಕೋರ್ಟಿನ ಪೂರನ್ ಮಲ್ ತೀರ್ಪಿಂದ ಕೋರ್ಟ್‌ಗಳು ಹಾಗೇ ನಡ್ಕೊಂಡು ಬಂದಿವೆ. ಆಮೇಲೆ ಕೋರ್ಟಲ್ಲಿ ನೋಡ್ಕೊಂಡ್ರಾಯ್ತು ಅಂತ ಬಿಡೋ ಹಾಗಿಲ್ಲ ಅದಕ್ಕೇ.

ಮುಂದಿನ್ಸಲ ಆದ್ರೆ ಜಗಳ ಬೇಡ, ಕೈ ಕಿತ್ಕೊಳ್ಳೋದು ಓಡೋದು ಅಂತೂ ಬೇಡ್ವೇ ಬೇಡ. "ಸರ್, ಡಿಎಲ್ ತೋರ್ಸಿದೀನಿ, ಫೋನ್ ತೋರ್ಸೋಕೆ ನನಗೆ ಒಪ್ಪಿಗೆ ಇಲ್ಲ, ಯಾವ ಕೇಸಲ್ಲಿ ಅಂತ ಹೇಳಿ, ನೋಟಿಸ್ ಕೊಡಿ ಸ್ಟೇಷನ್ನಿಗೆ ಬರ್ತೀನಿ" ಅಷ್ಟು ಹೇಳಿ. ಫೋನನ್ನೇ ಕೇಸಿಗೆ ಸೀಜ್ ಮಾಡ್ತೀವಿ ಅಂದ್ರೆ ಮಹಜರು, ಅಂದ್ರೆ ಏನು ತಗೊಂಡ್ರು ಅಂತ ಸ್ಥಳದಲ್ಲೇ ಬರೆಯೋ ದಾಖಲೆ, ಕೇಳಿ, ಕಾಪಿ ಇಸ್ಕೊಳ್ಳಿ, ಖಾಲಿ ಹಾಳೆಗೆ ಮಾತ್ರ ಸೈನ್ ಹಾಕ್ಬೇಡಿ. ಜೇಬು ತಡಕ್ತೀವಿ, ಡ್ರಗ್ಸ್ ಇದೆ ಅಂತ ಡೌಟು ಅಂದ್ರೆ ಗೆಜೆಟೆಡ್ ಅಧಿಕಾರಿ ಇಲ್ಲಾ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿ ಅಂತ ಕೇಳೋ ಹಕ್ಕು ಎನ್‌ಡಿಪಿಎಸ್ ಅಂದ್ರೆ ಡ್ರಗ್ಸ್ ಕಾಯ್ದೆಯ 50ನೇ ಸೆಕ್ಷನಲ್ಲಿದೆ, ಬ್ಯಾಗಿಗೆ ಅದು ಅನ್ವಯ ಆಗಲ್ಲ.

ಅರೆಸ್ಟ್ ಅಂತಾನೇ ಆದ್ರೆ ಸಂವಿಧಾನದ 22ನೇ ವಿಧಿ: ಕಾರಣ ಹೇಳ್ಬೇಕು, ವಕೀಲರನ್ನ ಕರೆಸ್ಕೊಳ್ಳೋಕೆ ಬಿಡ್ಬೇಕು, ಪ್ರಯಾಣದ ಟೈಮ್ ಬಿಟ್ಟು 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು. ಆ ಕಾರಣನ ನಮಗೆ ಅರ್ಥ ಆಗೋ ಭಾಷೇಲಿ ಬರೆದೇ ಕೊಡ್ಬೇಕು ಅಂತ 2025ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಇಂಗ್ಲಿಷ್ ಬರಲ್ಲ ಅನ್ನೋರು ಕನ್ನಡದಲ್ಲೇ ಕೊಡಿ ಅಂತ ಧೈರ್ಯವಾಗಿ ಕೇಳ್ಬೋದು.

ನೀವು ಈಗ ಮಾಡ್ಬೇಕಾಗಿದ್ದು ಇಷ್ಟೇ: ಆ ರಾತ್ರಿಯ ಟೈಮು, ಜಾಗ, ಪೊಲೀಸ್ ಗಾಡಿ ನಂಬರ್, ಅವರ ಎದೆ ಮೇಲಿನ ಹೆಸ್ರು ನೆನಪಿದ್ರೆ ಅದು, ಎಲ್ಲಾ ಇವತ್ತೇ ಬರೆದಿಟ್ಕೊಳ್ಳಿ. ನಿಮ್ ಚಾಟನ್ನ ಅವರ ಫೋನಲ್ಲಿ ಫೋಟೋ ತೆಗ್ದಿದ್ರೆ ಡಿಸಿಪಿಗೆ ಒಂದು ಅರ್ಜಿ ಕೊಡಿ, ಕೊಟ್ಟಿದ್ದಕ್ಕೆ ಸೀಲ್ ಹಾಕಿರೋ ಕಾಪಿ ಇಸ್ಕೊಳ್ಳಿ.