ಮಂಗಳೂರಿನಿಂದ ದುಬೈಗೆ ನಿಜಕ್ಕೂ ಎಷ್ಟು ಹೊತ್ತು?

ಪ್ರಶ್ನೆ: ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ನಾವಿಬ್ಬರೂ ಮೊದಲ ಸಲ ಅಲ್ಲಿಗೆ ಹೊರಟಿದ್ದೇವೆ. ವಿಮಾನ ಮಂಗಳೂರಿನಿಂದ ಬೆಳಿಗ್ಗೆ 9ಕ್ಕೆ ಹೊರಟು 11ಕ್ಕೆ ತಲುಪುತ್ತದೆ ಎಂದು ಟಿಕೆಟಿನಲ್ಲಿದೆ. ಬರುವಾಗ ಮಾತ್ರ ಮಧ್ಯಾಹ್ನ 12ಕ್ಕೆ ಹೊರಟು ಸಂಜೆ 4.45ಕ್ಕೆ ಇಳಿಯುತ್ತದಂತೆ. ಒಂದೇ ದಾರಿಗೆ ಇಷ್ಟು ವ್ಯತ್ಯಾಸ ಯಾಕೆ? (ಬದಿಯಡ್ಕದ ಓದುಗರು)

ಉತ್ತರ: ಟಿಕೆಟಿನಲ್ಲಿ ತಪ್ಪೇನೂ ಇಲ್ಲ. ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ತಲುಪುವ ಹೊತ್ತು ತಲುಪುವ ಊರಿನದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನೀವು ಅಲ್ಲಿ 11ಕ್ಕೆ ಇಳಿಯುವಾಗ ಬದಿಯಡ್ಕದಲ್ಲಿ 12.30. ಅಂದರೆ ಹೋಗುವಾಗ ಮೂರೂವರೆ ಗಂಟೆ. ಬರುವಾಗಿನ ಲೆಕ್ಕದಲ್ಲಿ ಅದೇ ಒಂದೂವರೆ ಗಂಟೆ ಕಳೆಯಿರಿ, ಮೂರೂಕಾಲು ಗಂಟೆ ಸಿಗುತ್ತದೆ. ಅಬುಧಾಬಿ, ಶಾರ್ಜಾ, ಮಸ್ಕತ್‌ಗೂ ಇದೇ ಲೆಕ್ಕ. ದೋಹಾ, ಕುವೈತ್, ದಮಾಮ್ ಆದರೆ ಎರಡೂವರೆ ಗಂಟೆ ಹಿಂದೆ.

ಉಳಿದ ಕಾಲು ಗಂಟೆ ಗಾಳಿಯದ್ದು. ಚಳಿಗಾಲದಲ್ಲಿ ಅರಬ್ಬೀ ಸಮುದ್ರದ ಉತ್ತರ ಭಾಗದ ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರು ಗಾಳಿ, ಬರುವಾಗ ಹಿಂದಿನಿಂದ ತಳ್ಳುತ್ತದೆ. ಮಳೆಗಾಲದಲ್ಲಿ ಈ ವ್ಯತ್ಯಾಸ ಕಡಿಮೆ.

ಎರಡೂ ಊರುಗಳ ನಡುವೆ ನೇರ ದೂರ ಸುಮಾರು 2460 ಕಿ.ಮೀ. ಗಂಟೆಗೆ 800 ಕಿ.ಮೀ. ದಾಟುವ ವಿಮಾನಕ್ಕೆ ಮೂರು ಗಂಟೆ ಸಾಕಲ್ವಾ ಅನ್ನಿಸಬಹುದು. ಆದರೆ ಏರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ದಾರಿಯೂ ಗೆರೆ ಎಳೆದಷ್ಟು ನೇರ ಅಲ್ಲ. ರನ್‌ವೇವರೆಗೆ ನಿಧಾನ ಸಾಗುವ ಹೊತ್ತೂ ಟಿಕೆಟಿನ ಲೆಕ್ಕದೊಳಗೇ ಬರುತ್ತದೆ.

ನಿಮ್ಮ ದಿನವನ್ನು ನಿಜವಾಗಿ ತಿನ್ನುವುದು ನೆಲದ ಮೇಲಿನ ಹೊತ್ತು. ವಿದೇಶಕ್ಕೆ ಹೋಗುವವರು ಮೂರು ಗಂಟೆ ಮೊದಲೇ ಬರಬೇಕು ಎಂದು ವಿಮಾನ ಕಂಪನಿಗಳು ಹೇಳುತ್ತವೆ. ಸಾಮಾನ್ಯವಾಗಿ ಒಂದು ಗಂಟೆ ಇರುವಾಗ ಕೌಂಟರ್ ಮುಚ್ಚುತ್ತದೆ. ಹಾಗಾಗಿ 6ಕ್ಕೆ ನೀವು ಅಲ್ಲಿರಬೇಕು. ಪೆರ್ಲ, ವಿಟ್ಲ, ಕಲ್ಲಡ್ಕ ದಾರಿಯಾದರೂ ಸರಿ, ಕುಂಬಳೆ, ತಲಪಾಡಿ ಹೆದ್ದಾರಿಯಾದರೂ ಸರಿ, ನಸುಕಿನ 4ರೊಳಗೆ ಮನೆ ಬಿಡಿ. ಆ ಕಡೆ ಇಮಿಗ್ರೇಷನ್, ಲಗೇಜು, ಮತ್ತೆ ಕಾರು. ನಿಮ್ಮ ಮನೆ ಬಾಗಿಲಿನಿಂದ ಮಗನ ಮನೆ ಬಾಗಿಲಿಗೆ ಹತ್ತು ಗಂಟೆ ಎಂದೇ ಇಟ್ಟುಕೊಳ್ಳಿ. ವಯಸ್ಸಾದವರಿಗೆ ಇದು ಜಾಸ್ತಿಯೇ. ಬಿಪಿ, ಶುಗರಿನ ಮಾತ್ರೆ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ. ಗಡಿಯಾರ ಹಿಂದೆ ಹೋದಾಗ ಮಾತ್ರೆ ಯಾವ ಹೊತ್ತಿಗೆ ತಗೊಳ್ಳಬೇಕು ಎಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

ಕಾಞಂಗಾಡು, ನೀಲೇಶ್ವರ ಕಡೆಯವರಿಗೆ 2018ರಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣವೂ ಇದೆ. ಅಲ್ಲಿಂದ ದುಬೈಗೆ ನೂರಿಪ್ಪತ್ತು, ನೂರಮೂವತ್ತು ಕಿ.ಮೀ. ಜಾಸ್ತಿ, ಆಕಾಶದಲ್ಲಿ ಹತ್ತು ನಿಮಿಷದ ಮಾತು. ಹಾಗಾಗಿ ರಸ್ತೆ ಯಾವುದು ಹತ್ತಿರ ಎಂದಷ್ಟೇ ನೋಡಿದರೆ ಸಾಕು.

ನಡುರಾತ್ರಿಯ ವಿಮಾನದಲ್ಲಿ ಹೋಗುವವರು ತಾರೀಕನ್ನು ಎರಡು ಸಲ ನೋಡಬೇಕು. ಟಿಕೆಟಿನಲ್ಲಿ 10ನೇ ತಾರೀಕು 00.40 ಎಂದಿದ್ದರೆ ಅದು 9ನೇ ತಾರೀಕು ಊಟ ಮುಗಿದ ಮೇಲಿನ ರಾತ್ರಿ. 9ರ ಸಂಜೆ 7ಕ್ಕೇ ಮನೆಯಿಂದ ಹೊರಡಬೇಕು. 10ರ ರಾತ್ರಿ ಹೋದರೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ.