ಕಾಣೆಯಾದ ಯುದ್ಧವಿಮಾನ ಚಾಲಕನನ್ನು ಹುಡುಕುವ ಬಗೆ: ಹೆಸರಿನಲ್ಲೇ ಎಡವಿದವನ ಅಧ್ಯಯನ ಟಿಪ್ಪಣಿ

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಯುದ್ಧವಿಮಾನ ಹಾರಿಸಿದ ಭಾರತೀಯರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಇಬ್ಬರು 1918ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಫ್ರಾನ್ಸಿನಲ್ಲಿ ಪ್ರಾಣ ಕಳೆದುಕೊಂಡರು. ಕಲ್ಕತ್ತೆಯ ಇಂದ್ರಲಾಲ್ ರಾಯ್ 40ನೇ ಸ್ಕ್ವಾಡ್ರನ್ನಿನವರು, ಅಂದರೆ 40ನೇ ವಿಮಾನ ತುಕಡಿಯವರು. ಹದಿಮೂರು ದಿನಗಳಲ್ಲಿ ಶತ್ರು ವಿಮಾನಗಳ ಮೇಲೆ ಹತ್ತು ವಿಜಯ ಗಳಿಸಿ, ಜುಲೈ 22ರಂದು ಮಡಿದರು. ಅವರ ಸಮಾಧಿ ಎಸ್ತೆವೆಲ್ ಎಂಬ ಊರಿನಲ್ಲಿದೆ ಎಂಬುದು ನನಗೆ ಅರ್ಧ ಗಂಟೆಯಲ್ಲಿ ತಿಳಿಯಿತು. ಎರಡನೆಯವರು ಮುಂಬಯಿಯ ಶ್ರೀಕೃಷ್ಣ ಚಂದಾ ವೆಲಿಂಕರ್. 23ನೇ ಸ್ಕ್ವಾಡ್ರನ್ನಿನಲ್ಲಿ ಸಾಪ್‌ವಿತ್ ಡಾಲ್ಫಿನ್ ಎಂಬ ಒಬ್ಬರೇ ಕೂರುವ ವಿಮಾನ ಹಾರಿಸುತ್ತಿದ್ದ ಇವರ ಜಾಡು ಹಿಡಿಯಲು ನನಗೆ ಮೂರು ಸಂಜೆ ಬೇಕಾದವು. ಎಲ್ಲಿ ತಪ್ಪಿದೆನೆಂಬುದು ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ.

ಹೆಸರು

ಕಾರವಾರದಲ್ಲಿ ಬೆಳೆದವನಿಗೆ 'ಕರ್' ಎಂದು ಕೊನೆಯಾಗುವ ಅಡ್ಡಹೆಸರು ಹೊಸದಲ್ಲ. ಅಂಕೋಲೇಕರ, ಮಾಜಾಳಿಕರ, ಕಡವಾಡಕರ ಎಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಊರಿನ ಹೆಸರುಗಳೇ ಮನುಷ್ಯರ ಹೆಸರಾಗಿ ನಿಂತಿರುತ್ತಿದ್ದವು. ಗೋವೆಯ ಫೋಂಡಾ ತಾಲ್ಲೂಕಿನಲ್ಲಿ ವೇಲಿಂಗ್ ಎಂಬ ಊರಿದೆ. ಅಲ್ಲಿಂದ ಬಂದವರು ವೇಲಿಂಗಕರ. ಈ ತಿಳಿವಳಿಕೆಯೇ ನನಗೆ ಮೊದಲ ಅಡ್ಡಗಾಲಾಯಿತು. ನಮ್ಮವರು ಬರೆಯುವಂತೆ ನಡುವೆ 'ಜಿ' ಅಕ್ಷರ ಸೇರಿಸಿ, ಮೊದಲಲ್ಲಿ 'ವಿ' ಹಾಕಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಹುಡುಕು ಪುಟದಲ್ಲಿ ಕೇಳಿದರೆ ಬೇಕಾದವರು ಸಿಗಲಿಲ್ಲ. ಇಂಗ್ಲಿಷಿನಲ್ಲಿ ಆ ಹೆಸರು 'ಡಬ್ಲ್ಯು'ವಿನಿಂದ ಆರಂಭವಾಗುತ್ತದೆ, 'ಜಿ' ಇಲ್ಲ.

ಎರಡನೆಯ ತೊಡಕು 'ಶ್ರೀ'. ದಾಖಲೆಯಲ್ಲಿ ಶ್ರೀ, ಕೃಷ್ಣ, ಚಂದಾ ಎಂದು ಮೂರು ಬಿಡಿ ಪದಗಳಿವೆ. ನಾವು ಶ್ರೀಯನ್ನು ಗೌರವಸೂಚಕವೆಂದು ತಿಳಿದು ಪಕ್ಕಕ್ಕಿಡುವವರು. ನಾನೂ ಹಾಗೆಯೇ ಮಾಡಿ 'ಕೆ' ಅಕ್ಷರದಡಿಯಲ್ಲಿ ಒಂದು ಸಂಜೆ ಪೂರ್ತಿ ಹುಡುಕಿದೆ. ಶ್ರೀಕೃಷ್ಣ ಎಂಬುದು ಒಂದೇ ಹೆಸರು, ಹಾಗಾಗಿ ಮೊದಲಕ್ಷರಗಳು 'ಎಸ್' ಮತ್ತು 'ಸಿ' ಎಂದು ಹೊಳೆದದ್ದು ಊಟಕ್ಕೆ ಕುಳಿತಾಗ. ಇಂಗ್ಲಿಷ್ ಗುಮಾಸ್ತನಿಗೆ ಈ ಭೇದ ಗೊತ್ತಿರಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಒಂದೇ ಹೆಸರನ್ನು ಅವನು ಎಷ್ಟು ಬಗೆಯಲ್ಲಿ ಒಡೆಯಬಲ್ಲ ಎಂಬುದನ್ನು ನಾವು ಮೊದಲೇ ಹಾಳೆಯ ಮೇಲೆ ಬರೆದುಕೊಳ್ಳಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಶತ್ರುವಿನ ನೆಲದಲ್ಲಿ ಬಿದ್ದ ಚಾಲಕನ ಹೆಸರನ್ನು ಮೊದಲು ಬರೆದುಕೊಳ್ಳುವವನು ಶತ್ರು. ವೆಲಿಂಕರರನ್ನು ಹೂಳಿದವರು ಜರ್ಮನರು, ಅವರು ಗುರುತು ಹಾಕಿದ ಹೆಸರು 'ವುಮ್ಕರ್'. ಯುದ್ಧ ಮುಗಿದ ಮೇಲೆ ಸಮಾಧಿಗಳನ್ನು ಹುಡುಕಿದವರಿಗೆ ಸಿಕ್ಕದ್ದು ಈ ಹೆಸರೇ. ಇವೆರಡೂ ಒಂದೇ ಎಂದು ಕಿವಿಗೆ ಅನ್ನಿಸುವುದಿಲ್ಲ, ನನಗೂ ಅನ್ನಿಸಲಿಲ್ಲ. ಆದರೆ ತಪ್ಪು ಆಗಿರುವುದು ಕಿವಿಯಿಂದಲ್ಲ, ಕಣ್ಣಿನಿಂದ ಎಂದು ಭಾವಿಸಿ ನೋಡಿ. ಮನೆಯಲ್ಲಿದ್ದ ನಾಲ್ಕು ಗೆರೆಯ ಕಾಪಿ ಪುಸ್ತಕ ತೆಗೆದು, ಶಾಯಿ ಪೆನ್ನಿನಲ್ಲಿ ವೆಲಿಂಕರ್ ಎಂದು ಇಂಗ್ಲಿಷಿನ ಕೂಡಕ್ಷರದಲ್ಲಿ ಅವಸರವಾಗಿ ಮತ್ತೆ ಮತ್ತೆ ಬರೆದೆ. ಮೊದಲ ಸಾಲುಗಳಲ್ಲಿ 'ಎಲ್' ಮೇಲಿನ ಗೆರೆಯನ್ನು ಮುಟ್ಟುತ್ತಿತ್ತು. ಆರನೆಯ ಸಾಲಿಗೆ ಬರುವಷ್ಟರಲ್ಲಿ ಅದರ ಕುಣಿಕೆ ಕುಗ್ಗಿ 'ಇ'ಯ ಎತ್ತರಕ್ಕೇ ಇಳಿದಿತ್ತು. ಆಗ 'ಇ' ಮತ್ತು 'ಎಲ್' ಸೇರಿ ಎರಡು ಕಡ್ಡಿಗಳಾಗುತ್ತವೆ. ಎರಡು ಕಡ್ಡಿ ಎಂದರೆ 'ಯು'. ಮುಂದಿನ 'ಐ'ಗೆ ಒಂದು ಕಡ್ಡಿ, 'ಎನ್'ಗೆ ಎರಡು. ಚುಕ್ಕೆ ಮರೆತರೆ ಒಟ್ಟು ಮೂರು ಕಡ್ಡಿ, ಅಂದರೆ 'ಎಮ್'. ಮೊದಲಿನ 'ಡಬ್ಲ್ಯು', ಕೊನೆಯ 'ಕರ್' ಹಾಗೆಯೇ ಉಳಿಯುತ್ತವೆ. ಎಂಟು ಅಕ್ಷರದ ಹೆಸರು ಆರಕ್ಕೆ ಇಳಿದು ವುಮ್ಕರ್ ಆಗುತ್ತದೆ. ಇದು ನನ್ನ ಊಹೆಯಷ್ಟೇ. ಆದರೂ ಅಂದಿನಿಂದ ಪ್ರತಿಯೊಂದು ಹೆಸರನ್ನೂ ಹೀಗೆ ಕಡ್ಡಿ ಎಣಿಸಿ ನೋಡುತ್ತೇನೆ, ಮತ್ತು ಈ ಉಪಾಯವನ್ನು ಯಾರಿಗಾದರೂ ಹೇಳದೆ ಇರಲಾರೆ. ನಮ್ಮ ಜಿಲ್ಲೆಯವರನ್ನು ಹುಡುಕುವವರು ಊರಿನ ಹೆಸರಿಗೂ ಇದೇ ಎಚ್ಚರಿಕೆ ವಹಿಸಬೇಕು. 1956ರವರೆಗೆ ನಾವು ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ ಹಳೆಯ ಕಾಗದಗಳಲ್ಲಿ ಮೈಸೂರು ಎಂದು ಹುಡುಕಿದರೆ ಪ್ರಯೋಜನವಿಲ್ಲ. ಕೆನರಾ, ಉತ್ತರ ಕೆನರಾ, ಕಾರವಾರದ ಹಳೆಯ 'ಸಿ' ಅಕ್ಷರದ ಕಾಗುಣಿತ, ಎಲ್ಲವನ್ನೂ ಪ್ರಯತ್ನಿಸಬೇಕು.

ದಿನಾಂಕ

ಕಾಣೆಯಾದ ದಿನ ಬೇರೆ, ಸತ್ತ ದಿನ ಬೇರೆ. ವೆಲಿಂಕರ್ ಹಾರಿ ಮರಳದೆ ಹೋದದ್ದು 1918ರ ಜೂನ್ 27. ಗಾಯಗೊಂಡು ಜರ್ಮನರ ಕೈಸೇರಿ ಸತ್ತದ್ದು ಜೂನ್ 30. ಸ್ಕ್ವಾಡ್ರನ್ನಿನ ಪುಸ್ತಕದಲ್ಲಿ ಮೊದಲ ದಿನಾಂಕ ಸಿಗುತ್ತದೆ, ಸಮಾಧಿಯ ದಾಖಲೆಯಲ್ಲಿ ಎರಡನೆಯದು. ಎರಡನೆಯ ಮಹಾಯುದ್ಧದಲ್ಲಿ ಇದಕ್ಕೊಂದು ಮೂರನೆಯದೂ ಸೇರಿಕೊಳ್ಳುತ್ತದೆ: ಸುದ್ದಿಯೇ ಇಲ್ಲದ ಚಾಲಕನನ್ನು ಸಾಮಾನ್ಯವಾಗಿ ಆರು ತಿಂಗಳ ಬಳಿಕ ಮೃತನೆಂದು ಪರಿಗಣಿಸುತ್ತಿದ್ದರು. ಆ ಪರಿಗಣನೆಯ ಪತ್ರದ ತಾರೀಖನ್ನು ಸಾವಿನ ತಾರೀಖೆಂದು ಓದಬಾರದು.

ಸ್ಮಾರಕ ಇರುವಲ್ಲಿ ಸಾವು ಆಗಿರಬೇಕಿಲ್ಲ

ಇದು ಸುಲಭ, ಆದರೂ ಹೇಳುತ್ತೇನೆ. ಸಮಾಧಿ ಸಿಗದವರ ಹೆಸರನ್ನು ಪ್ರದೇಶವಾರು ಸ್ಮಾರಕಗಳಲ್ಲಿ ಕೊರೆಯಲಾಗಿದೆ. ಬ್ರಿಟನ್ ಮತ್ತು ವಾಯವ್ಯ ಯುರೋಪಿನಲ್ಲಿ ಕಾಣೆಯಾದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಾಯುಸೈನಿಕರ ಹೆಸರು ಇಂಗ್ಲೆಂಡಿನ ರನ್ನಿಮೀಡ್‌ನಲ್ಲಿದೆ. ಬರ್ಮಾದ ಕಾಡಿನ ಮೇಲೆ ಹರಿಕೇನ್ ವಿಮಾನದೊಂದಿಗೆ ಕಾಣೆಯಾದವನ ಹೆಸರು ಸಿಂಗಪುರದ ಕ್ರಾಂಜಿಯಲ್ಲಿ ಇರಬಹುದು. ಅವನು ಸಿಂಗಪುರವನ್ನು ಕಂಡೇ ಇರದಿರಬಹುದು. ಸಮಾಧಿ ಇದ್ದವರ ವಿಷಯದಲ್ಲೂ ಜಾಗ ಬದಲಾಗಿರುತ್ತದೆ, ಏಕೆಂದರೆ ಯುದ್ಧದ ನಂತರ ಬಿಡಿ ಸಮಾಧಿಗಳನ್ನು ತೆಗೆದು ಒಂದೆಡೆ ಸೇರಿಸಿದರು. ವೆಲಿಂಕರ್ ಈಗ ಇರುವುದು ಸೊಮ್ ಪ್ರದೇಶದ ಹಂಗಾರ್ ಸ್ಮಶಾನದಲ್ಲಿ, ಜರ್ಮನರು ಹೂಳಿದ ಜಾಗದಲ್ಲಲ್ಲ.

ಯಾವ ಕಾಗದ ಎಲ್ಲಿ

ಬ್ರಿಟಿಷ್ ವಾಯುಪಡೆ ಹುಟ್ಟಿದ್ದು 1918ರ ಏಪ್ರಿಲ್ 1ರಂದು, ಭೂಸೇನೆಯ ಮತ್ತು ನೌಕಾಪಡೆಯ ವಿಮಾನ ದಳಗಳನ್ನು ಕೂಡಿಸಿ. ಆದ್ದರಿಂದ ಆ ವರ್ಷ ಸೇವೆಯಲ್ಲಿದ್ದ ಅಧಿಕಾರಿಯ ಕಾಗದಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಎರಡು ಕಡೆ ಹಂಚಿಹೋಗಿರಬಹುದು. ವಾಯುಪಡೆಯ ಅಧಿಕಾರಿಗಳ ಸೇವಾ ಹಾಳೆಗಳು 'ಏರ್ 76' ಎಂಬ ಶ್ರೇಣಿಯಲ್ಲಿವೆ. ಸೆರೆಸಿಕ್ಕವರಿಗಾಗಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಚೀಟಿಗಳನ್ನು ನೋಡಬೇಕು. ಮೊದಲ ಯುದ್ಧದ ಆ ಚೀಟಿಗಳು ಅಂತರ್ಜಾಲದಲ್ಲಿವೆ, ಆದರೆ ಹೆಸರು ಕೊಟ್ಟರೆ ಒಂದೇ ಚೀಟಿ ಬರುವುದಿಲ್ಲ. ಒಂದು ಕಟ್ಟು ಬರುತ್ತದೆ, ನಾವೇ ಒಂದೊಂದಾಗಿ ಮಗುಚಬೇಕು. ಚೀಟಿಯ ಮೇಲಿನ ಅಕ್ಷರ ಮತ್ತು ಅಂಕಿ ನೋಂದಣಿ ಪುಸ್ತಕದ ಪುಟವನ್ನು ತೋರಿಸುತ್ತವೆ, ಕೈದಿಯ ಸಂಖ್ಯೆಯನ್ನಲ್ಲ.

ಎರಡನೆಯ ಮಹಾಯುದ್ಧಕ್ಕಾದರೆ 'ಏರ್ 27' ಶ್ರೇಣಿಯ ಸ್ಕ್ವಾಡ್ರನ್ ಕಾರ್ಯಾಚರಣೆ ಪುಸ್ತಕವೇ ಮೊದಲ ಆಧಾರ. ಅದರಲ್ಲಿ 540 ಎಂಬ ನಮೂನೆ ದಿನದ ಸಾರಾಂಶ ಹೇಳುತ್ತದೆ. 541ರಲ್ಲಿ ವಿಮಾನದ ಸಂಖ್ಯೆ, ಚಾಲಕ, ಏರಿದ ಹೊತ್ತು, ಇಳಿದ ಹೊತ್ತು ಇರುತ್ತವೆ. ಹೊಸಬರು 540ನ್ನು ಓದಿ ನಿಲ್ಲಿಸುತ್ತಾರೆ. ಬೇಕಾದ್ದು 541ರಲ್ಲಿದೆ, ಏಕೆಂದರೆ ವಿಮಾನದ ಸಂಖ್ಯೆ ಸಿಗುವುದು ಅಲ್ಲಿ. ವಿಮಾನದ ಮೈಮೇಲೆ ದೊಡ್ಡದಾಗಿ ಬರೆದ ಅಕ್ಷರಗಳು ಸ್ಕ್ವಾಡ್ರನ್ನಿನ ಗುರುತು. ಒಂದು ವಿಮಾನ ಹೋದರೆ ಅದೇ ಅಕ್ಷರ ಮತ್ತೊಂದಕ್ಕೆ ಬರುತ್ತದೆ. ವಿಮಾನದ ಕ್ರಮಸಂಖ್ಯೆ ಮಾತ್ರ ಒಂದೇ ವಿಮಾನಕ್ಕೆ ಸೇರಿದ್ದು.

ಮೊದಲ ಯುದ್ಧದಲ್ಲಿ ಆ ಸಂಖ್ಯೆ ಒಂದು ಅಕ್ಷರ ಮತ್ತು ಕೆಲವು ಅಂಕಿಗಳಷ್ಟೇ. ವೆಲಿಂಕರರ ಡಾಲ್ಫಿನ್ ಡಿ 3691. ಇದನ್ನು ಯಾವ ಗುಮಾಸ್ತನೂ ಕಿವಿಯಿಂದ ಕೇಳಿ ಬರೆಯುವುದಿಲ್ಲ, ಅದರಲ್ಲಿ ಗೌರವಸೂಚಕವಿಲ್ಲ, ಊರಿನ ಹೆಸರಿಲ್ಲ. ಈಗ ನನ್ನ ಟಿಪ್ಪಣಿ ಹಾಳೆಯ ತಲೆಯಲ್ಲಿ ಸ್ಕ್ವಾಡ್ರನ್ 23, ಡಿ 3691, 27 ಜೂನ್ 1918 ಎಂದು ಬರೆದಿದ್ದೇನೆ. ಹೆಸರು ಅದರ ಕೆಳಗೆ, ಏಳು ಬಗೆಯ ಕಾಗುಣಿತದಲ್ಲಿ, ಪೆನ್ಸಿಲಿನಲ್ಲಿ.